ಚಂದ್ರನ ಮೇಲೆ ಇಳಿದವರಿಗೆ ಕಂಗಿನ ರೋಗ ಯಾಕೆ ಬಗೆಹರಿಯಲಿಲ್ಲ?

ವಿಜ್ಞಾನಿಗಳ ಕೆಲಸದಲ್ಲಿ ಅತ್ಯಂತ ತೊಡಕಿನದು ಯಾವುದು ಎಂಬ ವಿಷಯದ ಮೇಲೆ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನ ಕಡೆಯವು. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರು ಹಾಕಬಾರದೆಂದು ಇಬ್ಬರು ಬರೆದಿದ್ದರಿಂದ ಎಲ್ಲರದ್ದೂ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಎಂಟು ವರ್ಷವಾಯಿತು. ನಾನೂರು ಕಂಗುಗಳಿದ್ದಲ್ಲಿ ಈಗ ಫಸಲು ಕೊಡುವವು ನೂರೈವತ್ತು ಇರಬಹುದು. ಚಂದ್ರನ ಮೇಲೆ ನೌಕೆ ಇಳಿಸಿದ ದೇಶದಲ್ಲಿ ಒಂದು ಅಡಿಕೆ ಮರದ ರೋಗಕ್ಕೆ ಮದ್ದಿಲ್ಲವೆಂದರೆ ನಂಬುವುದು ಹೇಗೆ? ವಿಜ್ಞಾನಿಗಳಿಗೆ ಹಣವಿಲ್ಲವೋ, ಮನಸ್ಸಿಲ್ಲವೋ?
(ಪೆರ್ಲದ ಕೃಷಿಕರೊಬ್ಬರು)

ಉತ್ತರ: ಹಣ ಸಾಲದೆಂಬುದು ನಿಜ. ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ಆಂತರಿಕ ಉತ್ಪನ್ನದ ಶೇಕಡಾ 1ಕ್ಕಿಂತಲೂ ಕಡಿಮೆ. ಆದರೆ ನೀವು ಕೇಳಿದ ರೋಗದ ಮಟ್ಟಿಗೆ ಹಣ ಎರಡನೆಯ ಮಾತು ಎಂದು ನನ್ನ ಅಭಿಪ್ರಾಯ.

ಚಂದ್ರನ ಚಲನೆಗೆ ಸಂಬಂಧಿಸಿದ ನಿಯಮಗಳನ್ನು ನ್ಯೂಟನ್ 1687ರಲ್ಲೇ ಬರೆದಿಟ್ಟಿದ್ದಾನೆ. ಇಂಥ ದಿನ, ಇಂಥ ಗಳಿಗೆಯಲ್ಲಿ ಚಂದ್ರ ಎಲ್ಲಿರುತ್ತಾನೆ ಎಂಬ ಬಗ್ಗೆ ಯಾರಿಗೂ ಸಂಶಯವಿಲ್ಲ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೊನೆಯ ಗಳಿಗೆಯಲ್ಲಿ ನೆಲಕ್ಕೆ ಅಪ್ಪಳಿಸಿತಾದರೂ, ಸಂಪರ್ಕ ಕಡಿಯುವವರೆಗೆ ಅದು ತನ್ನ ವೇಗ, ಎತ್ತರ, ಓರೆ ಎಲ್ಲವನ್ನೂ ಭೂಮಿಗೆ ತಿಳಿಸುತ್ತಲೇ ಇತ್ತು. ಆ ಲೆಕ್ಕವನ್ನು ಮುಂದಿಟ್ಟುಕೊಂಡು ತಪ್ಪನ್ನು ಹುಡುಕಿ ತಿದ್ದಿದ್ದರಿಂದಲೇ 2023ರ ಆಗಸ್ಟ್ 23ರಂದು ಚಂದ್ರಯಾನ-3 ಸರಿಯಾಗಿ ಇಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೂ ಅಲ್ಲಿ ಏನು ತಿಳಿಯಬೇಕು ಎಂಬುದು ಮೊದಲೇ ಗೊತ್ತಿತ್ತು. ನಿಮ್ಮ ತೋಟದ ಕಂಗಿಗೆ ರೋಗ ಹತ್ತಿದ ದಿನ ಯಾವುದೆಂದು ಕಂಗೂ ಹೇಳುವುದಿಲ್ಲ, ನೀವೂ ಹೇಳಲಾರಿರಿ. ಸೋಗೆಯ ತುದಿ ಹಳದಿಯಾಗಿ ನಿಮ್ಮ ಕಣ್ಣಿಗೆ ಬೀಳುವಾಗ ರೋಗ ಒಳಹೊಕ್ಕು ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ.

ಇದರ ಹತ್ತಿರದ ನಂಟಿನ ರೋಗವೊಂದರ ಕಥೆ ಹೇಳಿದರೆ ವಿಷಯ ಸ್ಪಷ್ಟವಾದೀತು. 1882ರ ದೊಡ್ಡ ನೆರೆಯ ಬಳಿಕ ಮಧ್ಯ ತಿರುವಾಂಕೂರಿನ ಈರಾಟ್ಟುಪೇಟೆಯ ಕಡೆ ತೆಂಗಿನ ಗರಿಗಳು ಒಳಕ್ಕೆ ಬಾಗಿ, ಹಳದಿಯಾಗಿ, ಫಸಲು ಇಳಿಯತೊಡಗಿತು. ಅದಕ್ಕೆ ಬೇರು ಸೊರಗು ರೋಗವೆಂದು ಹೆಸರಾಯಿತು. 1908ರಲ್ಲಿ ಬಟ್ಲರ್ ಎಂಬ ಪ್ರಸಿದ್ಧ ಶಿಲೀಂಧ್ರಶಾಸ್ತ್ರಜ್ಞರು ಬಂದು ಪರಿಶೀಲಿಸಿ ವರದಿ ಬರೆದರು. ಅನಂತರದ ಎಪ್ಪತ್ತು ವರ್ಷ ಶಿಲೀಂಧ್ರ, ಬ್ಯಾಕ್ಟೀರಿಯಾ, ಜಂತುಹುಳು, ವೈರಸ್, ಮಣ್ಣಿನ ಸತ್ವದ ಕೊರತೆ ಹೀಗೆ ಒಂದೊಂದರ ಮೇಲೂ ಸಂಶಯ ಬಂದು ಹೋಯಿತು. ಸೊರಗಿದ ಮರದಲ್ಲಿ ಇವೆಲ್ಲವೂ ಇದ್ದೇ ಇರುತ್ತವೆ ಎಂಬುದೇ ತೊಡಕು. ಜೋರು ಜ್ವರದಿಂದ ಬಿದ್ದವನ ಮೈಯಲ್ಲಿ ಕಜ್ಜಿಯೂ ಇರಬಹುದು. ಕಜ್ಜಿಯಿಂದ ಜ್ವರ ಬಂತೆಂದು ಹೇಳಲಾಗದು. ಕಡೆಗೆ 1983ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, ರೋಗದ ತೆಂಗಿನ ಆಹಾರವಾಹಿ ನಾಳಗಳಲ್ಲಿ ಫೈಟೊಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿಗಳು ಕಂಡುಬಂದವು. ಅಡಿಕೆಯ ಹಳದಿ ಎಲೆ ರೋಗಕ್ಕೂ ಇದೇ ಬಳಗದ ಜೀವಿ ಕಾರಣವೆಂದು ತಿಳಿದುಬಂದಿದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸಸ್ಯಗಳಲ್ಲಿ ಇಂಥ ಜೀವಿಗಳಿವೆ ಎಂಬ ಸಂಗತಿಯೇ ಹೊರಬಂದದ್ದು 1967ರಲ್ಲಿ, ಜಪಾನಿನ ಹಿಪ್ಪುನೇರಳೆ ಗಿಡದಲ್ಲಿ. ಅಂದರೆ 1908ರಲ್ಲಿ ಬಟ್ಲರ್ ಎಷ್ಟೇ ಜಾಣರಾಗಿದ್ದರೂ ಆ ರೋಗದ ಮೂಲವನ್ನು ಹಿಡಿಯುವಂತಿರಲಿಲ್ಲ. ತಾನು ಹುಡುಕುತ್ತಿರುವ ವಸ್ತುವಿಗೆ ಲೋಕದಲ್ಲಿ ಇನ್ನೂ ಹೆಸರೇ ಇಲ್ಲ ಎಂಬ ಸ್ಥಿತಿಯಲ್ಲಿ ವರ್ಷಗಟ್ಟಲೆ ಹುಡುಕುವುದಕ್ಕಿಂತ ದೊಡ್ಡ ಕಷ್ಟ ವಿಜ್ಞಾನದಲ್ಲಿ ಇನ್ನೊಂದಿದೆಯೆಂದು ನನಗೆ ತೋರುವುದಿಲ್ಲ.

ಜೀವಿ ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದೇ ಅಪರಾಧಿಯೆಂದು ಸಾಧಿಸಿದಂತಾಗಲಿಲ್ಲ. ಜರ್ಮನಿಯ ರೋಗಾಣುಶಾಸ್ತ್ರಜ್ಞ ರಾಬರ್ಟ್ ಕಾಕ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಾಕಿಕೊಟ್ಟ ಕ್ರಮವೊಂದಿದೆ: ರೋಗಾಣುವನ್ನು ರೋಗಿಯಿಂದ ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಒಂಟಿಯಾಗಿ ಬೆಳೆಸಬೇಕು, ಅದನ್ನು ಆರೋಗ್ಯವಂತ ಜೀವಿಗೆ ಹಾಕಿದಾಗ ಅದೇ ರೋಗ ಬರಬೇಕು, ಅಲ್ಲಿಂದ ಮತ್ತೆ ಅದೇ ರೋಗಾಣು ಸಿಗಬೇಕು. ಕೋಶಭಿತ್ತಿಯೇ ಇಲ್ಲದ ಫೈಟೊಪ್ಲಾಸ್ಮಾ ಗಿಡದ ನಾಳವನ್ನೋ ಕೀಟದ ಮೈಯನ್ನೋ ಬಿಟ್ಟು ಬೇರೆಡೆ ಬೆಳೆಯಲು ಒಪ್ಪುವುದಿಲ್ಲ. ಹಾಗಾಗಿ ಸುತ್ತುಬಳಸಿ ಪುರಾವೆ ಕೂಡಿಸಬೇಕಾಯಿತು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟ ತೆಂಗುಗಳು ಸ್ವಲ್ಪ ಕಾಲ ಚೇತರಿಸಿಕೊಂಡದ್ದು ಒಂದು ಪುರಾವೆ. ರಸ ಹೀರುವ ಸಣ್ಣ ಕೀಟಗಳನ್ನು ರೋಗದ ಮರದಿಂದ ತಂದು, ಬಲೆ ಕಟ್ಟಿದ ಗೂಡಿನಲ್ಲಿಟ್ಟ ಆರೋಗ್ಯವಂತ ಸಸಿಗಳ ಮೇಲೆ ಬಿಟ್ಟು, ರೋಗ ಬರುವುದೋ ಎಂದು ಕಾದದ್ದು ಇನ್ನೊಂದು. ಟೆಟ್ರಾಸೈಕ್ಲಿನನ್ನೇ ಮದ್ದಾಗಿ ಬಳಸಬಹುದಲ್ಲ ಎಂದು ನೀವು ಕೇಳೀರಿ. ಅದರ ಗುಣ ತಾತ್ಕಾಲಿಕ. ಪ್ರತಿಯೊಂದು ಮರಕ್ಕೂ ಮತ್ತೆ ಮತ್ತೆ ಕೊಡುತ್ತಾ, ನಾವು ತಿನ್ನುವ ಫಸಲಿಗೆ ಆ್ಯಂಟಿಬಯಾಟಿಕ್ ಸೇರಿಸುವುದು ಆಗುವ ಮಾತಲ್ಲ.

ಉಳಿಯುವ ದಾರಿ ರೋಗ ತಡೆದುಕೊಳ್ಳುವ ತಳಿ. ಮಾವಿನ ಒಳ್ಳೆಯ ಮರ ಸಿಕ್ಕಿದರೆ ಕಸಿ ಕಟ್ಟಿ ಅದೇ ಮರವನ್ನು ನೂರಾಗಿಸಬಹುದು; ತೆಂಗು, ಕಂಗುಗಳಿಗೆ ಕಸಿ ಹಿಡಿಯುವುದಿಲ್ಲ. ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರವನ್ನು ಹುಡುಕಿ, ಅದರ ಹಿಂಗಾರಕ್ಕೆ ಚೀಲ ಕಟ್ಟಿ, ಬೇಕಾದ ಮರದ ಪರಾಗವನ್ನೇ ಹಾಕಿ, ಆ ಬೀಜದ ಸಸಿ ಐದಾರು ವರ್ಷಕ್ಕೆ ಫಸಲಿಗೆ ಬಂದ ಮೇಲೂ ಅದು ನಿಜವಾಗಿ ತಡೆದುಕೊಳ್ಳುವ ಮರವೋ, ರೋಗ ಇನ್ನೂ ಅದರ ಬಳಿ ಸುಳಿಯದೇ ಇದ್ದ ಮರವೋ ಎಂದು ತಿಳಿಯಲು ಇನ್ನಷ್ಟು ವರ್ಷ ಕಾಯಬೇಕು. ಮೂವತ್ತನೆಯ ವಯಸ್ಸಿನಲ್ಲಿ ನೆಟ್ಟವನು ಎರಡನೆಯ ತಲೆಮಾರಿನ ಮರವನ್ನು ನೋಡುವಾಗ ನಿವೃತ್ತಿಯ ಅಂಚಿನಲ್ಲಿರುತ್ತಾನೆ. ಯೋಜನೆಗಳಿಗಾದರೋ ಹಣ ಮಂಜೂರಾಗುವುದು ಮೂರು ವರ್ಷಕ್ಕೋ ಐದು ವರ್ಷಕ್ಕೋ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಆರಂಭವಾದದ್ದರಿಂದ ಹಿಡಿದು ಇಂದಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವರೆಗೆ ಒಂದೇ ಸಂಸ್ಥೆ ನಿರಂತರವಾಗಿ ನಿಂತದ್ದರಿಂದ ತೆಂಗಿನಲ್ಲಿ ಕಲ್ಪರಕ್ಷಾ, ಕಲ್ಪಶ್ರೀ, ಕಲ್ಪ ಸಂಕರದಂತಹ ಬೇರು ಸೊರಗು ತಾಳುವ ತಳಿಗಳು ಬಂದವು. ಅಡಿಕೆಯ ಕೆಲಸ ಅದೇ ಹಾದಿಯಲ್ಲಿದೆ, ಅಲ್ಲಿಗೆ ಇನ್ನೂ ಮುಟ್ಟಿಲ್ಲ. ನಿಮ್ಮ ತೋಟದಲ್ಲಿ ಎಂಟು ವರ್ಷವೂ ಹಳದಿಯಾಗದೆ ನಿಂತ ಕಂಗುಗಳಿದ್ದರೆ ಕಡಿಯಬೇಡಿ, ಗುರುತು ಹಾಕಿ ಸಂಶೋಧನಾ ಕೇಂದ್ರದವರಿಗೆ ತಿಳಿಸಿ. ಅವರು ಹುಡುಕುತ್ತಿರುವುದು ಅಂಥವನ್ನೇ.

ಪ್ರಶ್ನೆ: ಪ್ರಯೋಗ ಮಾಡಿದರೆ ಉತ್ತರ ಸಿಗುತ್ತದೆ, ಮತ್ತೆ ವಿಜ್ಞಾನಿಗಳಿಗೆ ಕಷ್ಟವೇನು ಸರ್? ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಸರಿಬಾರದಿದ್ದರೆ ನಾವು ಪುಸ್ತಕದಲ್ಲಿರುವ ಬೆಲೆಗೆ ಹೊಂದುವಂತೆ ಬರೆಯುತ್ತೇವೆ. ದೊಡ್ಡ ವಿಜ್ಞಾನಿಗಳು ಏನು ಮಾಡುತ್ತಾರೆ?
(ಕುಂಬಳೆಯ ಪ್ಲಸ್ ಟು ವಿದ್ಯಾರ್ಥಿನಿ)

ಉತ್ತರ: ಇಷ್ಟು ಪ್ರಾಮಾಣಿಕವಾದ ಪತ್ರ ಈ ಅಂಕಣಕ್ಕೆ ಅಪರೂಪಕ್ಕೆ ಬರುತ್ತದೆ. ಹೊಂದಿಸಿ ಬರೆಯಬಾರದೆಂದು ನಿನ್ನ ಅಧ್ಯಾಪಕರು ಹೇಳಿಯೇ ಇರುತ್ತಾರೆ, ಆದ್ದರಿಂದ ನಾನು ಹೇಳುವುದಿಲ್ಲ. ಲೋಲಕದಿಂದ ಗುರುತ್ವ ಲೆಕ್ಕ ಹಾಕುವಾಗ 9.8 ಬರಬೇಕೆಂದು ನಿನಗೆ ಮೊದಲೇ ಗೊತ್ತಿದೆ. ಸಂಶೋಧಕನ ಎದುರು ಅಂಥ ಪುಸ್ತಕವಿಲ್ಲ. ಬಂದ ಉತ್ತರ ಪ್ರಕೃತಿಯದ್ದೋ, ತನ್ನ ಉಪಕರಣದ ದೋಷವೋ ಎಂದು ಹೇಳುವವರು ಯಾರೂ ಇಲ್ಲ.

2011ರ ಸೆಪ್ಟೆಂಬರಿನಲ್ಲಿ ಯುರೋಪಿನ ಓಪೆರಾ ಎಂಬ ಪ್ರಯೋಗದ ತಂಡ ಒಂದು ವಿಚಿತ್ರ ಫಲಿತಾಂಶವನ್ನು ಪ್ರಕಟಿಸಿತು. ಜಿನೀವಾದ ಸರ್ನ್ ಎಂಬ ಭೌತವಿಜ್ಞಾನ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಾಲಯಕ್ಕೆ, ನೆಲದೊಳಗಿಂದಲೇ ಸುಮಾರು 730 ಕಿಲೋಮೀಟರ್ ಕಳುಹಿಸಿದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡವು. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಇದು ನಿಜವಾದರೆ, ಬೆಳಕಿಗಿಂತ ವೇಗವಾಗಿ ಏನೂ ಹೋಗದು ಎಂಬ ಐನ್‌ಸ್ಟೈನರ ಸಿದ್ಧಾಂತವೇ ಅಲುಗಾಡುತ್ತಿತ್ತು. ತಂಡದವರು ತಿಂಗಳುಗಟ್ಟಲೆ ತಪ್ಪು ಹುಡುಕಿ ಸಿಗದೆ, ನಮ್ಮಿಂದ ಕಂಡುಹಿಡಿಯಲಾಗಲಿಲ್ಲ, ನೀವೂ ನೋಡಿ ಎಂದು ಲೋಕದ ಮುಂದಿಟ್ಟರು. 2012ರ ಫೆಬ್ರವರಿಯಲ್ಲಿ ಕಾರಣ ಸಿಕ್ಕಿತು: ಜಿಪಿಎಸ್ ಸಮಯವನ್ನು ಗಡಿಯಾರಕ್ಕೆ ತಲುಪಿಸುವ ಆಪ್ಟಿಕಲ್ ಫೈಬರ್ ಕೇಬಲಿನ ಒಂದು ಕೊಂಡಿ ಪೂರ್ತಿ ಒಳಗೆ ಕೂತಿರಲಿಲ್ಲ. ಮನೆಯಲ್ಲಿ ಟಿವಿ ಬಾರದಿದ್ದಾಗ ನಾವು ಮೊದಲು ಮುಟ್ಟಿ ನೋಡುವ ಜಾಗವದು! ನಕ್ಕುಬಿಡುವುದು ಸುಲಭ. ಆದರೆ ನೂರಾರು ಭಾಗಗಳಿರುವ ಯಂತ್ರದಲ್ಲಿ, ಪ್ರತಿಯೊಂದು ಭಾಗವೂ ಕೆಲಸ ಮಾಡುತ್ತಿರುವಂತೆಯೇ ಕಾಣುವಾಗ, ಯಾವುದನ್ನು ಮುಟ್ಟಿ ನೋಡಬೇಕೆಂದು ತಿಳಿಯುವುದೇ ಅಲ್ಲಿನ ಕಷ್ಟ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಸಸ್ಯಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ, ಬೇವಿನ ಹಿಂಡಿಯಿಂದ ಅಡಿಕೆ ಸಸಿಗಳ ಬೆಳವಣಿಗೆ ಹೆಚ್ಚುವುದೋ ಎಂದು ನೋಡಲು ಎರಡು ಸಾಲು ಸಸಿಚೀಲಗಳನ್ನು ಇಟ್ಟಿದ್ದೆ. ಹಿಂಡಿ ಹಾಕಿದ ಸಾಲು ಎರಡೇ ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹೋಯಿತು. ಸಂತೋಷದಿಂದ ಲೇಖನವನ್ನೂ ಬರೆಯತೊಡಗಿದ್ದೆ. ಒಂದು ದಿನ ಬೆಳಗ್ಗೆ ತೋಟದ ಕೆಲಸದ ಅಕ್ಕ, "ಮಾಷ್ಟ್ರೇ, ಈ ಸಾಲಿಗೆ ನೀರು ಹಾಕುವುದೇ ಬೇಡ, ಮಾಡಿನಿಂದ ಮಂಜಿನ ನೀರು ಇಳಿದು ಚೀಲ ಯಾವಾಗಲೂ ಚಂಡಿ ಇರುತ್ತದೆ" ಎಂದಳು. ಹೆಂಚಿನ ಮಾಡಿನ ಅಂಚು ಸರಿಯಾಗಿ ಆ ಸಾಲಿನ ಮೇಲಿತ್ತು. ಬೆಳೆದದ್ದು ಹಿಂಡಿಯಿಂದಲೋ ಮಂಜಿನ ನೀರಿನಿಂದಲೋ ಇಂದಿಗೂ ನನಗೆ ಗೊತ್ತಿಲ್ಲ. ಇದೇ ತಪ್ಪನ್ನು ತಪ್ಪಿಸಲು, 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಸೇರಿದ ಫಿಶರ್ ಎಂಬ ಸಂಖ್ಯಾಶಾಸ್ತ್ರಜ್ಞರು, ಯಾವ ಗಿಡಕ್ಕೆ ಯಾವ ಉಪಚಾರ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಬೇಕೆಂಬ ಕ್ರಮವನ್ನು ಬೆಳೆಸಿದ್ದರು. ನಾನು ಅದನ್ನು ತರಗತಿಯಲ್ಲಿ ಪಾಠ ಮಾಡಿದ್ದೆ, ಸಸಿ ಇಡುವಾಗ ಮರೆತಿದ್ದೆ.

ಇದು ನನ್ನೊಬ್ಬನ ಗೋಳಲ್ಲ. 2016ರಲ್ಲಿ 'ನೇಚರ್' ಪತ್ರಿಕೆ 1,576 ಸಂಶೋಧಕರನ್ನು ಕೇಳಿದಾಗ, ಬೇರೆಯವರ ಪ್ರಯೋಗವನ್ನು ಮತ್ತೆ ಮಾಡಲು ಹೋಗಿ ಅದೇ ಫಲಿತಾಂಶ ಪಡೆಯಲಾಗದೆ ಸೋತಿದ್ದೇವೆಂದು ಶೇಕಡಾ 70ಕ್ಕಿಂತ ಹೆಚ್ಚಿನವರು ಒಪ್ಪಿಕೊಂಡರು. ಅರ್ಧಕ್ಕಿಂತ ಹೆಚ್ಚಿನವರಿಗೆ ತಮ್ಮದೇ ಪ್ರಯೋಗ ಎರಡನೆಯ ಸಲ ಕೈಕೊಟ್ಟಿತ್ತು.

ಪ್ರಶ್ನೆ: ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ಒಂದು ವರದಿ ಒಂದು ರೀತಿ, ಇನ್ನೊಂದು ವರದಿ ಇನ್ನೊಂದು ರೀತಿ ಹೇಳಿದ್ದನ್ನು ನಾವು ಕಂಡವರು. ಕಣ್ಣೆದುರಿಗೇ ಇರುವ ಸತ್ಯವನ್ನು ಹೇಳಲು ವಿಜ್ಞಾನಿಗಳಿಗೆ ಏನು ಅಡ್ಡಿ?
(ಎಣ್ಮಕಜೆಯ ನಿವೃತ್ತ ಶಿಕ್ಷಕರು)

ಉತ್ತರ: ಮಾಷ್ಟ್ರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಎಲ್ಲ ಭಿನ್ನಾಭಿಪ್ರಾಯವೂ ಶುದ್ಧ ವಿಜ್ಞಾನದ್ದೆಂದು ನಾನು ಹೇಳುವುದಿಲ್ಲ. ವ್ಯಾಪಾರ, ರಾಜಕೀಯಗಳೂ ಅಲ್ಲಿದ್ದವು. ಅವನ್ನು ಬದಿಗಿಟ್ಟರೂ ಉಳಿಯುವ ಕಷ್ಟವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸತೊಡಗಿದ್ದು 1970ರ ದಶಕದ ಕೊನೆಗೆ, ಅದು ನಿಂತದ್ದು 2000ದಲ್ಲಿ. ಅದಕ್ಕಿಂತ ಮೊದಲು ಈ ಗುಡ್ಡೆಗಳ ಬುಡದ ಹಳ್ಳಿಗಳಲ್ಲಿ ಎಷ್ಟು ಮಕ್ಕಳು ಯಾವ ತೊಂದರೆಯಿಂದ ಹುಟ್ಟುತ್ತಿದ್ದರು ಎಂಬ ದಾಖಲೆಯನ್ನು ಯಾರೂ ಇಟ್ಟಿರಲಿಲ್ಲ. ಯಾವ ವರ್ಷ ಯಾವ ಮನೆಯವರು ಗುಡ್ಡೆ ಕೊರೆದು ಮಾಡಿದ ಸುರಂಗದ ನೀರಿಗೆ, ಯಾವ ತೋಡಿಗೆ ಎಷ್ಟು ವಿಷ ಇಳಿಯಿತೆಂದು ಆಗ ಅಳೆದವರಿಲ್ಲ. ಮದ್ದಿನ ಪರೀಕ್ಷೆಯಲ್ಲಾದರೆ ಒಂದು ಗುಂಪಿಗೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಬಹುದು. ವಿಷದ ಪರೀಕ್ಷೆಯನ್ನು ಹಾಗೆ ಯಾರೂ ಮಾಡಬಾರದು. ಹಾಗಾಗಿ ನಡೆದುಹೋದದ್ದನ್ನು ಇಪ್ಪತ್ತು ವರ್ಷಗಳ ಬಳಿಕ, ಉಳಿದ ಕುರುಹುಗಳಿಂದ ಕಟ್ಟಿಕೊಳ್ಳಬೇಕಾಯಿತು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ತೋಟದ ಬುಡದ ಹಳ್ಳಿಯ 117 ಶಾಲಾ ಹುಡುಗರನ್ನು, ಸಿಂಪಡಣೆಯಿಲ್ಲದ ಕಡೆಯ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲಿನ ಗುಂಪಿನ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದ್ದುದೂ ಲೈಂಗಿಕ ಬೆಳವಣಿಗೆ ತಡವಾಗಿದ್ದುದೂ ಕಂಡುಬಂತು. ವಿರೋಧಿಸಿದವರಿಗೆ ಸಂಖ್ಯೆ ಸಣ್ಣದಾಯಿತು. ಹಳ್ಳಿಯೇ ಸಣ್ಣದಾಗಿರುವಾಗ ದೊಡ್ಡ ಸಂಖ್ಯೆಯನ್ನು ಎಲ್ಲಿಂದ ತರುವುದು?

ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬುದನ್ನೂ ಹೀಗೆಯೇ ಸಾಧಿಸಬೇಕಾಯಿತು. ಆ ಕೆಲಸದಲ್ಲಿದ್ದ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಕಾರಣವನ್ನು ತೂಗಿನೋಡಲು ಒಂಬತ್ತು ಅಂಶಗಳನ್ನು ಮುಂದಿಟ್ಟರು: ಕಾರಣ ಮೊದಲು ಬಂದು ಪರಿಣಾಮ ಆಮೇಲೆ ಬಂತೇ, ಪ್ರಮಾಣ ಹೆಚ್ಚಿದಂತೆ ತೊಂದರೆಯೂ ಹೆಚ್ಚಿತೇ, ಬೇರೆ ಊರಿನಲ್ಲೂ ಹಾಗೆಯೇ ಆಯಿತೇ ಇತ್ಯಾದಿ. ಪುರಾವೆ ಪೂರ್ತಿಯಾಗಿಲ್ಲವೆಂಬ ನೆಪದಿಂದ, ಮಾಡಬೇಕಾದ ಕೆಲಸವನ್ನು ಮುಂದೂಡಬಾರದೆಂದೂ ಅವರು ಅಲ್ಲೇ ಹೇಳಿದ್ದರು. "ಸಾಬೀತಾಗಿಲ್ಲ" ಎಂದು ವಿಜ್ಞಾನಿ ಬರೆದರೆ "ಇನ್ನೂ ಗೊತ್ತಿಲ್ಲ" ಎಂದರ್ಥ. ಕಚೇರಿಯಲ್ಲಿ ಅದನ್ನು ಓದುವವರು "ಇಲ್ಲವೆಂದು ಗೊತ್ತಾಗಿದೆ" ಎಂದು ಓದುತ್ತಾರೆ. ನನ್ನ ಮಟ್ಟಿಗೆ, ಅಂದು ನಮ್ಮ ವಿಜ್ಞಾನಿಗಳು ಈ ವ್ಯತ್ಯಾಸವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿದ್ದು ಕೊನೆಯ ಪುರಾವೆ ಕೈಗೆ ಬಂದದ್ದರಿಂದಲ್ಲ, ಅಪಾಯ ಎದುರಿಗಿರುವಾಗ ಕಾಯಬಾರದೆಂಬ ಮುನ್ನೆಚ್ಚರಿಕೆಯಿಂದ.

ಪ್ರಶ್ನೆ: ಮಳೆ ಬರುತ್ತದೆಂದು ಹೇಳಿದ ದಿನ ಬಿಸಿಲು, ಅಡಿಕೆ ಅಂಗಳಕ್ಕೆ ಹಾಕಿದ ದಿನ ಮಳೆ. ಇಷ್ಟು ಉಪಗ್ರಹಗಳಿದ್ದೂ ಹೀಗೇಕೆ?
(ಮಂಜೇಶ್ವರದ ಓದುಗರು)

ಉತ್ತರ: 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲಾರೆಂಜ್ ಗಣಕಯಂತ್ರದಲ್ಲಿ ಹವಾಮಾನದ ಲೆಕ್ಕವೊಂದನ್ನು ಮತ್ತೆ ಓಡಿಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದಷ್ಟೇ ಒತ್ತಿದರು. ಕಾಫಿ ಕುಡಿದು ಬರುವಷ್ಟರಲ್ಲಿ, ಅಷ್ಟು ಸಣ್ಣ ವ್ಯತ್ಯಾಸದಿಂದ ಯಂತ್ರ ಪೂರ್ತಿ ಬೇರೆಯೇ ಹವೆಯನ್ನು ತೋರಿಸುತ್ತಿತ್ತು. ಗಾಳಿ, ತೇವ, ಬಿಸಿಗಳನ್ನು ಪ್ರತಿ ಗೇಣು ಜಾಗದಲ್ಲೂ ಅಳೆಯುವುದು ಸಾಧ್ಯವಿಲ್ಲ. ಅಳೆಯದೆ ಬಿಟ್ಟ ಸಣ್ಣ ವ್ಯತ್ಯಾಸಗಳು ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ, ಸುಮಾರು ಎರಡು ವಾರದ ಆಚೆಗೆ ದಿನದಿನದ ಲೆಕ್ಕವನ್ನೇ ಕೆಡಿಸುತ್ತವೆ. ಅದರ ಮೇಲೆ ನಮ್ಮ ಕಡೆ ಕಡಲಿಗೂ ಘಟ್ಟಕ್ಕೂ ನಡುವೆ ಇರುವ ಜಾಗವೇ ಸ್ವಲ್ಪ. ಬದಿಯಡ್ಕದಲ್ಲಿ ಸುರಿದ ಮಳೆ ಕುಂಬಳೆಗೆ ಬಾರದಿರುವುದನ್ನು ನೀವೇ ಕಂಡಿದ್ದೀರಿ. ಜಿಲ್ಲೆಗೆ ಮಳೆಯೆಂದು ಹೇಳುವುದು ಈಗ ಸಾಕಷ್ಟು ಸರಿಹೋಗುತ್ತದೆ, ನಿಮ್ಮ ಅಂಗಳಕ್ಕೆಂದು ಹೇಳುವುದು ಕಷ್ಟ. ಟಾರ್ಪಾಲು ಹತ್ತಿರವೇ ಇರಲಿ.

ಪ್ರಶ್ನೆ: ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಅಂಗಡಿಯವರು ಕೊಟ್ಟ ಹೊಸ ಮದ್ದನ್ನು ಹೋದ ವರ್ಷ ಸಿಂಪಡಿಸಿದೆವು. ಫಲ ಕೊಟ್ಟಿದೆಯೆಂದು ಮನೆಯವರು ಹೇಳುತ್ತಾರೆ. ಹೋದ ವರ್ಷ ಮಳೆಯೇ ಕಡಿಮೆಯಿತ್ತು ಎಂದು ನನ್ನ ಸಂಶಯ. ನಾವೇ ಪರೀಕ್ಷಿಸಿ ತಿಳಿಯಲು ದಾರಿಯುಂಟೇ?
(ಮುಳ್ಳೇರಿಯದ ಗೃಹಿಣಿ)

ಉತ್ತರ: ಅಕ್ಕಾ, ಮೇಲಿನ ನಾಲ್ಕು ಪ್ರಶ್ನೆಗಳಿಗೆ ನಾನು ಉದ್ದಕ್ಕೆ ಬರೆದ ಕಷ್ಟವನ್ನು ನೀವು ಒಂದೇ ಸಾಲಿನ ಸಂಶಯದಲ್ಲಿ ಹಿಡಿದಿದ್ದೀರಿ. ದಾರಿ ಉಂಟು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಸುವ ಕ್ರಮ, ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಸುಮಾರು 1910ರಲ್ಲಿ ಮಾಡಿದ ಅಧ್ಯಯನದ ಕಾಲದಿಂದ ಪರೀಕ್ಷೆಗೆ ನಿಂತುಬಂದದ್ದು. ಹೊಸ ಮದ್ದನ್ನು ಅದರೊಂದಿಗೇ ಹೋಲಿಸಿ, ಏನೂ ಸಿಂಪಡಿಸದ ಮರಗಳೊಂದಿಗಲ್ಲ. ಒಂದು ವರ್ಷದ ಫಸಲನ್ನು ಪಣಕ್ಕಿಡುವುದು ಬೇಡ. ಒಂದೇ ಪ್ರಾಯದ ಅರುವತ್ತು ಕಂಗುಗಳನ್ನು ಆರಿಸಿ ಸಂಖ್ಯೆ ಬರೆಯಿರಿ. ಅರುವತ್ತು ಚೀಟಿಗಳನ್ನು ಸೇರಿನಲ್ಲಿ ಹಾಕಿ ಕಲಸಿ, ಮೊದಲು ಬಂದ ಮೂವತ್ತಕ್ಕೆ ಬೋರ್ಡೋ, ಉಳಿದವಕ್ಕೆ ಹೊಸ ಮದ್ದು. ಮೇಲಿನ ಬದಿಗೆ ಒಂದು, ತೋಡಿನ ಬದಿಗೆ ಇನ್ನೊಂದು ಎಂದು ಮಾತ್ರ ಹಂಚಬೇಡಿ. ಕೆಳಗೆ ತೇವ ಹೆಚ್ಚು, ಕೊಳೆಯೂ ಹೆಚ್ಚು. ಬೋರ್ಡೋಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆಯ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.

ಕೆಳಗೆ ಬಿದ್ದ ಕೊಳೆಯಡಿಕೆಯನ್ನು ವಾರಕ್ಕೊಮ್ಮೆ ಮರಮರಕ್ಕೆ ಎಣಿಸಿ ಬರೆಯಿರಿ. ಎಣಿಸುವವರಿಗೆ ಯಾವ ಮರಕ್ಕೆ ಯಾವ ಮದ್ದೆಂದು ಗೊತ್ತಿರಬಾರದು. ಆದ್ದರಿಂದ ಚೀಟಿಯ ಪಟ್ಟಿ ನಿಮ್ಮ ಪೆಟ್ಟಿಗೆಯಲ್ಲಿರಲಿ, ಎಣಿಸುವ ಕೆಲಸ ಮನೆಯವರದ್ದಾಗಲಿ. ಎರಡು ಮಳೆಗಾಲ ಮಾಡಿದರೆ ಉತ್ತರ ನಂಬುವಷ್ಟು ಗಟ್ಟಿಯಾದೀತು. ಮರಕ್ಕೆ ಸಂಖ್ಯೆ ಬರೆಯುವಾಗ ಸುಣ್ಣದಲ್ಲಿ ಬರೆಯಬೇಡಿ, ಆಟಿಯ ಮಳೆಗೆ ತೊಳೆದುಹೋಗುತ್ತದೆ. ಗೇಟಿಗೆ ಬಳಿಯುವ ಪೈಂಟು ಒಳ್ಳೆಯದು.